ಮನೆ ಕಡೆ ಮುಖ ಮಾಡಿದ ಹೆಜ್ಜೆಗಳು

ಆ ಶನಿವಾರ ಬೆಳಿಗ್ಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಟ್ರೈಸಿಕಲ್ಲಿನ, ಅಂದರೆ ಪಕ್ಕಕ್ಕೆ ಸೀಟು ಜೋಡಿಸಿದ ಬಾಡಿಗೆ ಮೋಟಾರ್‌ಸೈಕಲ್ಲಿನ, ಎಡಗಡೆಯ ಕನ್ನಡಿಯನ್ನು ಯಾವನೋ ಬಿಚ್ಚಿಕೊಂಡು ಹೋಗಿದ್ದ. ಒಡೆದು ಹಾಕಿದ್ದರೆ ಸಹಿಸಬಹುದಿತ್ತು. ಇವನು ನಟ್ಟು ತಿರುಗಿಸಿ, ಸಾವಕಾಶವಾಗಿ, ಮಾವನ ಮನೆಯ ಮಾಲು ಎನ್ನುವ ಹಾಗೆ ಒಯ್ದಿದ್ದ. ಮನಾಂಗ್ ನಿಲಾ ಅವರ ಜಗಲಿಯಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೆ.

"ರೊಸೆಂದೊ, ಪೊಲೀಸ್ ಇಲಾಖೆಯಲ್ಲಿ ನಾನು ಕೊಲೆಗಾರರನ್ನ ಹಿಡಿದವಳು. ನಿನ್ನ ಕನ್ನಡಿಗೋಸ್ಕರ ಎದ್ದು ಬರಬೇಕಾ?" ಎಂದರು ಅವರು, ಹಸಿ ಮಾವಿನಕಾಯಿಗೆ ಉಪ್ಪು ಹಚ್ಚುತ್ತ.

"ಬನ್ನಿ. ಒಂದು ಕೊಲೆ ತಪ್ಪುತ್ತೆ. ಆ ಕಳ್ಳ ನನ್ನ ಕೈಗೆ ಸಿಕ್ಕಿದ್ರೆ ಕತ್ತು ಹಿಸುಕಿಬಿಡ್ತೀನಿ."

ಮನಾಂಗ್ ಎಂದರೆ ಅಕ್ಕ. ಪೆತ್ರೊನಿಲಾ ದೆಗಾಲಾ ಅವರನ್ನು ನಮ್ಮ ನದೀತೀರದಲ್ಲಿ ಮಕ್ಕಳು ಮುದುಕರೆಲ್ಲ ಹಾಗೇ ಕರೆಯುತ್ತಿದ್ದರು. ತನಿಖಾಧಿಕಾರಿಯಾಗಿದ್ದು ನಿವೃತ್ತರಾದ ಮೇಲೂ ಜನ ಅವರ ಬೆನ್ನು ಬಿಟ್ಟಿರಲಿಲ್ಲ. ಮಂಡಿನೋವಿನ ಅವರನ್ನು ಕರೆದೊಯ್ಯುವುದು ನನ್ನ ಪಾಲಿಗೆ ಬಂದಿತ್ತು. ಬಾಡಿಗೆ ಕೊಡುತ್ತಿರಲಿಲ್ಲ, ಬೈಗುಳ ಮಾತ್ರ ಧಾರಾಳವಾಗಿ ಕೊಡುತ್ತಿದ್ದರು.

ಅಷ್ಟರಲ್ಲಿ ಮರಿವೆಲ್ ಓಡಿಬಂದಳು. ನದೀಬದಿಯ ಮೀನುಕೊಳದ ಮನೆಯ ಹುಡುಗಿ. ಕೂದಲು ಗುಂಗುರಾಗಲೆಂದು ತಲೆತುಂಬ ಪ್ಲಾಸ್ಟಿಕ್ ಸುರುಳಿಗಳನ್ನು ಸಿಕ್ಕಿಸಿಕೊಂಡಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಮನಾಂಗ್, ನೋಂಗ್ ಕ್ರಿಸ್ಪುಲೊ ಇಲ್ಲ! ಬೆಳಗಾಗಿ ನೋಡಿದ್ರೆ ಕೋಣೆ ಖಾಲಿ. ಯಾರೋ ಅವನನ್ನ ಎತ್ಕೊಂಡು ಹೋಗಿದಾರೆ," ಎಂದವಳೇ ಜಗಲಿಯ ಮೇಲೆ ಕೂತಳು.

ನೋಂಗ್ ಎಂದರೆ ಅಣ್ಣ. ಕ್ರಿಸ್ಪುಲೊ ಅವಳ ಒಡಹುಟ್ಟಿದ ಅಣ್ಣ. ಹಡಗಿನ ಕೆಲಸದಲ್ಲಿದ್ದಾನೆ, ರಜೆ ಸಿಗುವುದಿಲ್ಲ ಎಂದು ಅವರ ತಾಯಿ ಸಾಲ್ವಸ್ಯೊನ್ ಕಂಡವರಿಗೆಲ್ಲ ಹೇಳುತ್ತಿದ್ದಳು. ಅವನು ಅದೇ ಮನೆಯ ಹಿಂದಿನ ಕೋಣೆಯಲ್ಲಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ಆದರೂ "ಹಡಗು ಈಗೆಲ್ಲಿದೆಯಂತೆ?" ಎಂದು ಕೇಳುವುದೇ ನಮ್ಮಲ್ಲಿ ಮರ್ಯಾದೆ. ಅವನಿಗೆ ಲುಬಾಗ್. ನಮ್ಮ ಪನಾಯ್ ದ್ವೀಪದ ಎಷ್ಟೋ ಮನೆಗಳನ್ನು ಹೊಕ್ಕ ರೋಗ. ತಾಯಂದಿರ ರಕ್ತದಲ್ಲಿ ಸದ್ದಿಲ್ಲದೆ ಬರುತ್ತದೆ, ಗಂಡುಮಕ್ಕಳಿಗೆ ನಲವತ್ತರ ಹೊತ್ತಿಗೆ ಮೈಯನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುತ್ತದೆ. ಇವರ ಹಿರಿಯಣ್ಣ ಅನ್ಸೆಲ್ಮೊ ಅದರಲ್ಲೇ ಹೋಗಿದ್ದ.

"ಇವತ್ತಲ್ವಾ ನಿನ್ನ ಪಮಲಾಯೆ?" ಎಂದರು ಮನಾಂಗ್.

"ಹೂಂ. ಮಧ್ಯಾಹ್ನ ಎರ್ವಿನ್ ಮನೆಯವರು ನದಿ ದಾಟಿ ಹೆಣ್ಣು ಕೇಳೋಕೆ ಬರ್ತಾರೆ."

"ಅವರಿಗೆ ಈ ರೋಗದ ವಿಷಯ ಗೊತ್ತಾ?"

"ಇಲ್ಲ. ಮದುವೆ ಆದ್ಮೇಲೆ ನಿಧಾನವಾಗಿ ಹೇಳೋಣ ಅಂತಾಳೆ ಅಮ್ಮ. ಎರ್ವಿನ್ ಮುಂದೆ ಎಷ್ಟು ಸಲ ಬಾಯಿ ತೆಗೆದೆ ಮನಾಂಗ್, ಮಾತೇ ಹೊರಡಲಿಲ್ಲ. ಸುಳ್ಳು ಹೇಳಿ ಅವನನ್ನ ಮದುವೆಯಾಗೋಕೆ ಆಗಲ್ಲ, ನಿಜ ಹೇಳಿ ಕಳ್ಕೊಳ್ಳೋಕೂ ಆಗಲ್ಲ ಅಂತ ಮೊನ್ನೆ ನೋಂಗ್ ಹತ್ತಿರ ಕೂತು ಅತ್ತೆ. ಅವನು ನನ್ನ ತಲೆ ಸವರಿದ, ಅಷ್ಟೆ." ಅವಳು ಸಡಿಲವಾದ ಒಂದು ಸುರುಳಿಯನ್ನು ಕೂದಲಿಗೆ ಒತ್ತಿಕೊಂಡಳು. "ಇವತ್ತು ಒಂದು ದಿನ ಅವನನ್ನ ಓಲೊತಾಯನ್ ದ್ವೀಪಕ್ಕೆ ಸಾಗಿಸೋಣ ಅಂತ ಅಮ್ಮನೂ ಚಿಕ್ಕಪ್ಪ ತಿಯೋ ಹೆರ್ಮೊಹೆನೆಸ್ಸೂ ಪಿಸುಗುಟ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಅವರಿಬ್ಬರೇ ಏನೋ ಮಾಡಿದಾರೆ. ದೋಣಿಯಲ್ಲಿ ಒಬ್ಬನೇ ಹೇಗೆ ಕೂತಿರ್ತಾನೆ ಅವನು? ನೀರಿಗೆ ಬಿದ್ದಿದ್ರೆ?"

ಹೆತ್ತ ತಾಯಿಯ ಮೇಲೇ ಅನುಮಾನ. ನನಗೆ ಕನ್ನಡಿಯ ಕೋಪವೆಲ್ಲ ಇಳಿದು ಹೋಯಿತು. ಟ್ರೈಸಿಕಲ್ ಶುರು ಮಾಡಿದೆ.

ಕೊಳದ ಮನೆಯ ಮುಂದೆ ಆಗಲೇ ನಾಲ್ಕು ಜನ ಸೇರಿದ್ದರು. ಅಸ್ವಾಂಗ್ ಬಂದು ಕ್ರಿಸ್ಪುಲೊನನ್ನು ಹೊತ್ತುಕೊಂಡು ಹಾರಿಹೋಯಿತು ಎಂದು ಒಬ್ಬಳು ಎದೆ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಬಂದ ಹೆಜ್ಜೆ ಇದೆ, ಹೋದ ಹೆಜ್ಜೆ ಇಲ್ಲ, ಇನ್ನೇನು ಬೇಕು ಎಂಬುದು ಅವಳ ವಾದ.

"ಹಾರೋಕೆ ಬರೋ ಪಿಶಾಚಿ ಬರುವಾಗ ಯಾಕಮ್ಮ ಕೆಸರು ತುಳ್ಕೊಂಡು ಬಂತು?" ಎಂದು ಮನಾಂಗ್ ಅವಳನ್ನು ಸುಮ್ಮನಾಗಿಸಿ ಹಿತ್ತಲಿಗೆ ನಡೆದರು.

ಹೆಜ್ಜೆಗಳು ನಿಜವಾಗಿಯೂ ಇದ್ದವು. ಹಿಂದಿನ ಸಂಜೆ ಮಳೆ ಬಿದ್ದಿದ್ದರಿಂದ ಕೊಳದ ಬದುವಿನ ಮಣ್ಣು ಬೆಣ್ಣೆಯಂತೆ ಮೆತ್ತಗಿತ್ತು. ದೋಣಿಕಟ್ಟೆಯ ಹಲಗೆಯಿಂದ ಹಿಂದಿನ ಕೋಣೆಯ ಬಿದಿರೇಣಿಯವರೆಗೆ ಒಂದೇ ಸಾಲು, ಬರಿಗಾಲಿನದು. ಬೆರಳುಗಳೆಲ್ಲ ಮನೆ ಕಡೆಗಿದ್ದವು. ಹಿಂದಿರುಗಿ ಹೋದ ಗುರುತು ಒಂದೂ ಇರಲಿಲ್ಲ.

"ಸುಲಭ ಮನಾಂಗ್," ಎಂದೆ ನಾನು. "ದೋಣಿಯಲ್ಲಿ ಒಬ್ಬ ಬಂದ, ಏಣಿ ಹತ್ತಿದ, ಇವನನ್ನ ಹೆಗಲಿಗೆ ಹಾಕ್ಕೊಂಡು ಮುಂಬಾಗಿಲಿಂದ ಹೋದ. ಮುಂದೆ ಚಿಪ್ಪಿನ ದಾರಿ, ಹೆಜ್ಜೆ ಮೂಡಲ್ಲ."

"ಬುದ್ಧಿವಂತ. ಏಣಿ ನೋಡಿದೆಯಾ?"

ನೋಡಿದೆ. ಮೆಟ್ಟಿಲುಗಳು ಒಣಗಿ ಬಿಳಿಚಿಕೊಂಡಿದ್ದವು. ಒಂದರ ಮೇಲೂ ಕೆಸರಿನ ಕಲೆ ಇರಲಿಲ್ಲ. ದೋಣಿಕಟ್ಟೆಯಲ್ಲಿ ಮಾತ್ರ ಸಿಂಪಿಯ ಬುಟ್ಟಿ ಇಟ್ಟ ಒದ್ದೆ ಇನ್ನೂ ಇತ್ತು. ಸಿಂಪಿ ಮಾರುವ ಹೆಂಗಸರ ದೋಣಿ ಬೆಳಕು ಹರಿಯುವಾಗ ಅಲ್ಲಿ ನಿಂತು ಆಚೆ ದಡದ ಸಂತೆಗೆ ಹೋಗುತ್ತದೆ, ಇಳಿಹೊತ್ತಿನ ಭರತಕ್ಕೆ ವಾಪಸಾಗುತ್ತದೆ.

ಕೋಣೆಯೊಳಗೆ ಒಂದು ಚಾಪೆ, ಒಂದು ರೇಡಿಯೊ, ತಂದೆಯ ಕಾಲದ ಒಂದು ಪೆಟ್ಟಿಗೆ. ನೆಲದ ಬಿದಿರು ಎಲ್ಲ ಕಡೆ ಮಾಸಿದ್ದರೂ ಚಾಪೆಯಿಂದ ಹಿಂಬಾಗಿಲಿನವರೆಗೆ ಎರಡು ಪಟ್ಟಿ ನುಣುಪಾಗಿ ಹೊಳೆಯುತ್ತಿದ್ದವು. ಮನಾಂಗ್ ಚಾಪೆ ಎತ್ತಿದರು, ಕೆಳಗಿದ್ದ ಸಣ್ಣದೊಂದು ನಟ್ಟನ್ನು ಬೆರಳಲ್ಲಿ ಹೊರಳಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ಒಳಬಾಗಿಲನ್ನು ನೋಡಿದರು. ಅದರ ಚಿಲಕ ಹೊರಗಡೆಗಿತ್ತು.

"ಇದನ್ನ ಹಾಕೋರು ಯಾರು?"

"ನಾನೇ," ಎಂದಳು ಬಾಗಿಲಲ್ಲಿ ನಿಂತಿದ್ದ ಸಾಲ್ವಸ್ಯೊನ್. ಮನಾಂಗ್ ಜೊತೆ ಶಾಲೆಗೆ ಹೋದವಳು, ಅವರಿಗಿಂತ ಹತ್ತು ವರ್ಷ ದೊಡ್ಡವಳ ಹಾಗೆ ಕಾಣುತ್ತಿದ್ದಳು. "ರಾತ್ರಿ ಹಾಕಿದ್ದೆ. ಬೆಳಿಗ್ಗೆ ಹೆರ್ಮೊ ಬಂದ ಮೇಲೆ ನಾನೇ ತೆಗೆದೆ. ಹಾಕಿದ್ದು ಹಾಕಿದ ಹಾಗೇ ಇತ್ತು, ನಿಲಾ. ಹಿಂಬಾಗಿಲಿಗೆ ಏನೂ ಹಾಕ್ತಿರಲಿಲ್ಲ. ಮೂರು ಹೆಜ್ಜೆ ಮುಂದಿಟ್ಟರೆ ಬೀಳ್ತಾನೆ, ಏಣಿ ಹೇಗೆ ಇಳೀತಾನೆ ಅಂತ."

"ಸ್ವಂತ ಮಗನಿಗೆ ಚಿಲಕ ಹಾಕ್ತೀಯಾ?" ನಾನು ತಡೆಯಲಾರದೆ ಕೇಳಿಬಿಟ್ಟೆ.

ಅವಳು ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೇ ಚೆನ್ನಾಗಿತ್ತು. "ಅನ್ಸೆಲ್ಮೊ ಬೀದಿಗೆ ಹೋದಾಗ ಹುಡುಗರು ಅವನ ಹಾಗೇ ಕತ್ತು ತಿರುಚಿ ಅಣಕಿಸ್ತಿದ್ರು," ಎಂದಳು. "ಅವನು ನಗ್ತಾ ಮನೆಗೆ ಬಂದು ನನ್ನ ಮಡಿಲಲ್ಲಿ ಅಳ್ತಿದ್ದ. ಇದು ನಿನ್ನ ರಕ್ತದಿಂದ ಬಂದದ್ದು ಅಂತ ಡಾಕ್ಟರು ಹೇಳಿದ್ರಲ್ಲ ರೊಸೆಂದೊ, ನಾನು ಇನ್ನೊಬ್ಬನನ್ನೂ ಬೀದಿಗೆ ಹೇಗೆ ಬಿಡಲಿ?"

ಮನಾಂಗ್ ಅವಳ ಭುಜ ಹಿಡಿದು ಕೂರಿಸಿದರು. ಬಳಿಕ ಮರಿವೆಲ್ ಕಡೆ ತಿರುಗಿ, "ಪೆಟ್ಟಿಗೆಯಿಂದ ಏನಾದ್ರೂ ಹೋಗಿದೆಯಾ ನೋಡು," ಎಂದರು.

ಅವಳು ತಡಕಾಡಿದಳು. "ಅಪ್ಪನ ಬಾರೊಂಗ್ ಇಲ್ಲ! ಕಸೂತಿ ಹಾಕಿದ ಆ ಬಿಳಿ ಅಂಗಿ. ಯಾರದಾದ್ರೂ ಮದುವೆ ಮಾತಿಗೆ ಹಿರಿಯನಾಗಿ ಹೋಗುವಾಗ ಮಾತ್ರ ಅಪ್ಪ ಅದನ್ನ ಹಾಕ್ತಿದ್ದ."

"ಇನ್ನೊಂದು ಕೇಳ್ತೀನಿ. ನಿಮ್ಮಣ್ಣ ಈಚೆಗೆ ಯಾವಾಗಲಾದ್ರೂ ಕುಣಿದಿದ್ದನಾ?"

ಇದೆಂಥ ಪ್ರಶ್ನೆ ಎಂದು ನಾನು ಬಾಯಿ ಬಿಟ್ಟೆ. ಮರಿವೆಲ್ ಮಾತ್ರ ಬೆಚ್ಚಿದಳು. "ಕ್ರಿಸ್‌ಮಸ್‌ನಲ್ಲಿ! ರೇಡಿಯೊ ಹಾಡ್ತಿತ್ತು, ನನ್ನ ಕೈ ಹಿಡಿದು ಕೋಣೆಯೆಲ್ಲ ಕುಣಿದ. ಒಂದ್ಸಲಾನೂ ಎಡವಲಿಲ್ಲ. ಪವಾಡ ಅಂತ ಕೂಗ್ಕೊಂಡೆ. ಹೆಂಡದ ಅಮಲು ಅಂತ ಅಮ್ಮ ಬೈದ್ಲು."

ತಿಯೋ ಹೆರ್ಮೊಹೆನೆಸ್ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನು ಹುಡುಗಿಯ ಚಿಕ್ಕಪ್ಪ, ತಂದೆಯ ತಮ್ಮ. ಪಮಲಾಯೆಯಲ್ಲಿ ಹೆಣ್ಣಿನ ಕಡೆಯ ಮಾತು ಆಡಬೇಕಾದವನು ಮನೆಯ ಹಿರಿಯ ಗಂಡಸು. ತಂದೆ ಇಲ್ಲ, ಅನ್ಸೆಲ್ಮೊ ಇಲ್ಲ, ಕ್ರಿಸ್ಪುಲೊ ಹಡಗಿನಲ್ಲಿ. ಹಾಗಾಗಿ ಆ ಪಾತ್ರ ಇವನಿಗೆ ಬಂದಿತ್ತು.

"ನಾನು ಅವನ ಕೂದಲೂ ಮುಟ್ಟಿಲ್ಲ ಮನಾಂಗ್, ಮಾತೆಯ ಆಣೆ. ಕರ್ಕೊಂಡು ಹೋಗೋಕೆ ಬಂದದ್ದು ನಿಜ. ಬಂದಾಗ ಕೋಣೆ ಖಾಲಿ ಇತ್ತು."

"ನಿನ್ನೆ ಸಂಜೆ ಏನು ಮಾಡ್ತಿದ್ದೆ?"

"ಇಲ್ಲೇ ಮುಂದಿನ ಕೋಣೆಯಲ್ಲಿ ಇವತ್ತಿನ ಮಾತು ಅಭ್ಯಾಸ ಮಾಡ್ತಿದ್ದೆ. ಅದೂ ನೆಟ್ಟಗೆ ಆಗಲಿಲ್ಲ. ನಾನು ತಪ್ಪಿದಾಗೆಲ್ಲ ಆ ಕ್ರಿಸ್ಪುಲೊ ಒಳಗಿಂದ ಗೋಡೆಗೆ ಧಡ್ ಅಂತ ಗುದ್ದೋನು. ಮೇಷ್ಟ್ರ ಹತ್ತಿರ ಪಾಠ ಒಪ್ಪಿಸಿದ ಹಾಗಾಯ್ತು."

ಮನಾಂಗ್ ಮುಖದಲ್ಲಿ ನಗು ಕಂಡಿತು. ನನಗೆ ಸಿಟ್ಟು ಬಂತು. ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ, ಇವರಿಗೆ ನಗು!

"ಎಲ್ಲರೂ ಮುಂದಿನ ಕೋಣೆಗೆ ಬನ್ನಿ," ಎಂದರು ಅವರು. "ಸಾಲ್ವಾ, ನೀನೂ ಬಾ. ಅಳಬೇಡ. ನಿನ್ನ ಮಗನನ್ನ ಯಾರೂ ಕದ್ದಿಲ್ಲ."

ಪಮಲಾಯೆಗೆಂದು ಬಿಳಿ ಬಟ್ಟೆ ಹಾಸಿದ್ದ ಮೇಜಿನ ಸುತ್ತ ಕೂತೆವು. ತಾಳೆಗರಿಯಲ್ಲಿ ಸುತ್ತಿ ಬೇಯಿಸಿದ ಇಬೋಸ್ ಅನ್ನದ ಕಟ್ಟುಗಳು, ಸುಟ್ಟ ಮೀನು ಮುಚ್ಚಿಟ್ಟಿದ್ದವು. ಯಾರಿಗೂ ಅತ್ತ ಕಣ್ಣಿರಲಿಲ್ಲ. ಮರಿವೆಲ್ ತಾಯಿಯಿಂದ ದೂರದ ಕುರ್ಚಿಯಲ್ಲಿ ಕೂತಳು. ಅದನ್ನು ನೋಡಿ ಸಾಲ್ವಸ್ಯೊನ್ ಮುಖ ತಿರುಗಿಸಿದಳು.

"ಮೊದಲು ಚಿಲಕ," ಎಂದರು ಮನಾಂಗ್. "ಅದು ಹೊರಗಿನಿಂದ ಹಾಕಿದ ಹಾಗೇ ಇತ್ತು. ಅಂದ್ಮೇಲೆ ಕ್ರಿಸ್ಪುಲೊ ಮನೆಯೊಳಗಿಂದ ಹೋಗಿಲ್ಲ. ಉಳಿದದ್ದು ಹಿಂಬಾಗಿಲು. ಅಲ್ಲಿಗೆ ಬಂದ ಹೆಜ್ಜೆ ಇದೆ, ಹೋದದ್ದಿಲ್ಲ. ಆದರೆ ಕೆಸರುಗಾಲಲ್ಲಿ ಬಂದವನು ಏಣಿ ಹತ್ತಿದ್ರೆ ಮೆಟ್ಟಿಲಿಗೆ ಕೆಸರು ಮೆತ್ತಬೇಕಲ್ವಾ ರೊಸೆಂದೊ? ಮೆತ್ತಿಲ್ಲ. ಯಾರೂ ಹತ್ತಿಲ್ಲ. ಒಣಗಿದ ಕಾಲಲ್ಲಿ ಇಳಿದಿದಾರೆ ಅಷ್ಟೆ."

"ಇಳಿದವನ ಬೆರಳು ಮನೆ ಕಡೆ ಯಾಕಿದೆ ಹಾಗಾದ್ರೆ?" ಎಂದೆ.

"ನೀನು ಏಣಿ ಹೇಗೆ ಇಳೀತೀಯಾ?"

"ಎಲ್ಲರ ಹಾಗೆ. ಏಣಿ ಕಡೆ ಮುಖ ಮಾಡಿ…" ಎಂದವನು ಅಲ್ಲಿಗೇ ನಿಂತೆ.

"ಹಾಂ. ಇಳಿದ ಮೇಲೆ ನೀನು ತಿರುಗ್ತೀಯಾ. ಅವನು ತಿರುಗಲಿಲ್ಲ. ಹಾಗೇ ಹಿಂದಕ್ಕೆ ಹಿಂದಕ್ಕೆ ದೋಣಿಕಟ್ಟೆಯವರೆಗೂ ನಡೆದ."

ಸಾಲ್ವಸ್ಯೊನ್ ತಲೆ ಆಡಿಸಿದಳು. "ಮುಂದಕ್ಕೇ ನಡೆಯಲಾಗದವನು ಹಿಂದಕ್ಕೆ ನಡೀತಾನಾ? ತಮಾಷೆ ಮಾಡಬೇಡ ನಿಲಾ."

"ಇದು ಈ ರೋಗದ ವಿಚಿತ್ರ ಕಣೇ. ನಾನು ಕೆಲಸದಲ್ಲಿದ್ದಾಗ ಒಬ್ಬ ಲುಬಾಗಿನವನನ್ನ ಕೋರ್ಟಿಗೆ ತಂದಿದ್ರು. ಸಾಕ್ಷಿಕಟ್ಟೆಗೆ ನಡೆಯಲಾರದವನು ಹಬ್ಬದಲ್ಲಿ ಕುಣಿದ, ಎಲ್ಲಾ ನಾಟಕ ಅಂತ ಜನ ಉಗಿದ್ರು. ಇಲೋಯ್ಲೋದ ಡಾಕ್ಟರು ಬಂದು ತಿಳಿಸಿದ್ರು. ದಿನಾ ಮಾಡೋ ನಡಿಗೆಯನ್ನೇ ರೋಗ ಹಿಡಿಯುತ್ತಂತೆ. ಅದೇ ಕಾಲಿಗೆ ಬೇರೆ ಕೆಲಸ ಕೊಟ್ಟರೆ, ಕುಣಿತ, ಹಿಮ್ಮುಖ ನಡಿಗೆ, ಕೆಲವರಿಗೆ ಸಲೀಸು. ಕ್ರಿಸ್‌ಮಸ್‌ನಲ್ಲಿ ತಂಗಿ ಜೊತೆ ಕುಣಿದಾಗ ಕ್ರಿಸ್ಪುಲೊಗೆ ಅದು ತಿಳೀತು. ಅವತ್ತಿನಿಂದ ಚಾಪೆಯಿಂದ ಬಾಗಿಲಿಗೆ ಹಿಂದಕ್ಕೆ ನಡೆದು ನಡೆದು ನೆಲ ಹೊಳೆಯೋ ಹಾಗೆ ಮಾಡಿದಾನೆ. ನೀವು ಯಾರೂ ಆ ನೆಲ ನೋಡಲಿಲ್ಲ."

ಅವರು ಜೇಬಿನಿಂದ ನಟ್ಟನ್ನು ತೆಗೆದು ನನ್ನ ಮುಂದಿಟ್ಟರು. "ಕೋಣೆಯಲ್ಲಿ ಸರಿ. ಕೆಸರು ಬದುವಿನಲ್ಲಿ ಹಿಂದೆ ಏನಿದೆ ಅಂತ ಕಾಣಬೇಕಲ್ಲ? ಈ ವಾರ ಇಲ್ಲಿಗೆ ಅಕ್ಕಿಮೂಟೆ ತಂದವನು ಯಾರು?"

"ನಾನು! ಹಿತ್ತಲಲ್ಲಿ ಗಾಡಿ ನಿಲ್ಲಿಸಿ ಕಾಫಿ ಕುಡಿದೆ… ಅಯ್ಯೋ, ನನ್ನ ಕನ್ನಡಿ!"

"ಇನ್ನು ಕತ್ತು ಹಿಸುಕು ಹೋಗು."

ನಗು ಬಂದರೂ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. "ಎಲ್ಲಿಗೆ ಹೋದ ಮನಾಂಗ್?" ಎಂದಳು ಮರಿವೆಲ್.

"ಹೆರ್ಮೊ ತಪ್ಪಿದಾಗೆಲ್ಲ ಗೋಡೆ ಗುದ್ದಿದವನು ಯಾರು? ಈ ಮನೆಯ ಮಾತು ಆಡೋ ಹಕ್ಕು ನನ್ನದು ಅಂತ ತಿಳಿದವನು. ಅಪ್ಪನ ಬಾರೊಂಗ್ ಒಯ್ದವನು ಸಾಯೋಕೆ ಹೋಗಲ್ಲ, ಓಡಿಹೋಗಲ್ಲ. ಮದುವೆ ಮಾತಿಗೆ ಹೋಗ್ತಾನೆ. ಬೆಳಗಿನ ಸಿಂಪಿ ದೋಣಿ ಆಚೆ ದಡಕ್ಕೆ ಹೋಗುತ್ತೆ, ಎರ್ವಿನ್ ಊರಿಗೆ. ನಿನ್ನ ಬಾಯಿಂದ ಹೊರಡದ ಮಾತನ್ನ ಹೇಳೋಕೆ ಹೋಗಿದಾನೆ, ಮಗಳೇ. ನಾವು ಏನು ಅಂತ ನೋಡ್ಕೊಂಡೇ ಹೆಣ್ಣು ಕೇಳಲಿ ಅಂತ."

ಮರಿವೆಲ್ ಎದ್ದು ನಿಂತಳು. ತಾಯಿಯ ಹತ್ತಿರ ಹೋಗಿ, "ನಿನ್ನನ್ನ ಅನುಮಾನಿಸಿದೆ, ನನಾಯ್," ಎಂದು ಅವಳ ಹೆಗಲ ಮೇಲೆ ಮುಖ ಇಟ್ಟಳು. ಸಾಲ್ವಸ್ಯೊನ್ ಮಗಳ ಬೆನ್ನು ತಟ್ಟುತ್ತ, "ಮುಗೀತು. ಇನ್ನು ಅವರು ಬರಲ್ಲ," ಎಂದಳು. "ಅವನನ್ನ ನೋಡಿದ ಮೇಲೆ ಯಾರು ಬರ್ತಾರೆ? ನಿನ್ನ ಬಾಳು ಹಾಳಾಯ್ತು."

"ಬಂದರೆ ಅವನ ಜೊತೆಗೇ ಬರ್ತಾರೆ. ಇಲ್ಲಾಂದ್ರೆ ಬರೋದೇ ಇಲ್ಲ," ಎಂದರು ಮನಾಂಗ್. "ಅದು ನನ್ನ ಪತ್ತೇದಾರಿಗೆ ಸಿಗೋ ವಿಷಯ ಅಲ್ಲ. ಕಾಯಬೇಕು."

ಕಾದೆವು. ಅಂಥ ಕಾಯುವಿಕೆ ಶತ್ರುವಿಗೂ ಬೇಡ. ಮೀನು ತಣ್ಣಗಾಯಿತು. ಮರಿವೆಲ್ ಕೂದಲಿನ ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿ ಮಡಿಲಲ್ಲಿ ಹಾಕಿಕೊಂಡಳು. ಹೇಳಿದ್ದ ಹೊತ್ತು ಮೀರಿತು. ಹೆರ್ಮೊಹೆನೆಸ್ ಎದ್ದು ಬಟ್ಟಲುಗಳನ್ನು ಎತ್ತಿಡಲು ಕೈ ಹಾಕಿದ. ಆಗ ನದಿಯ ಕಡೆಯಿಂದ ಮೋಟಾರಿನ ಸದ್ದು ಕೇಳಿಸಿತು.

ಎಲ್ಲರಿಗಿಂತ ಮೊದಲು ಓಡಿದವನು ನಾನು. ದೋಣಿ ತುಂಬ ಜನ. ಹಲಗೆಯ ಮೇಲೆ ಮೊದಲು ಕಂಡದ್ದು ಕಸೂತಿಯ ಬಿಳಿ ಅಂಗಿಯ ಬೆನ್ನು. ಕ್ರಿಸ್ಪುಲೊ ನಮ್ಮ ಕಡೆಗೆ ಬೆನ್ನು ಮಾಡಿ, ನನ್ನ ಕನ್ನಡಿಯನ್ನು ಕಣ್ಣೆತ್ತರಕ್ಕೆ ಹಿಡಿದು, ಒಂದೊಂದೇ ಹೆಜ್ಜೆ ಹಿಂದಿಡುತ್ತ ಮನೆಗೆ ಬಂದ. ಕತ್ತು ಎಡಕ್ಕೆ ಎಳೆದುಕೊಳ್ಳುತ್ತಿತ್ತು, ತೋಳು ನಡುಗುತ್ತಿತ್ತು, ಕಾಲು ಮಾತ್ರ ಎಡವಲಿಲ್ಲ. ಎರ್ವಿನ್ ಅವನ ಪಕ್ಕದಲ್ಲೇ ನಡೆಯುತ್ತಿದ್ದ, ಕೈ ಹಿಡಿಯದೆ. ಅಸ್ವಾಂಗ್ ಎಂದವಳು ಬಾಯಿಗೆ ಕೈ ಒತ್ತಿ ನಿಂತಿದ್ದಳು.

ಎರ್ವಿನ್‌ನ ಅಜ್ಜಿ ಲೋಲಾ ಎಪಿಫಾನಿಯಾ ಸಾಲ್ವಸ್ಯೊನ್ ಮುಂದೆ ನಿಂತು ಸೊಂಟಕ್ಕೆ ಕೈ ಇಟ್ಟಳು. "ಬೆಳಿಗ್ಗೆ ಬಾಗಿಲು ತೆಗೀತೀನಿ, ಒಬ್ಬ ಗಂಡಸು ಬೆನ್ನು ತೋರಿಸ್ಕೊಂಡು ನಮ್ಮನೆಗೇ ನುಗ್ತಿದಾನೆ! ಪೊರಕೆ ಎತ್ತಿದೆ ನೋಡಿ. ಆಮೇಲೆ ಕೂರಿಸ್ಕೊಂಡು ಕೇಳಿದ್ರೆ ಒಂದೊಂದು ಮಾತಿಗೂ ಒದ್ದಾಡ್ತಾನೆ. ಅಷ್ಟು ಕಷ್ಟಪಟ್ಟು ನಮ್ಮನೇಲಿ ಇಲ್ಲೀವರೆಗೆ ಯಾರೂ ನಿಜ ಹೇಳಿಲ್ಲಮ್ಮ. ತಡ ಆದದ್ದು ಅದಕ್ಕೆ. ಮನೆಯವರೆಲ್ಲ ಕೂತು ಜಗಳ ಆಡಿದ್ವಿ. ಸುಳ್ಳು ಯಾಕೆ ಹೇಳಲಿ, ನನ್ನ ಮಗ ಬೇಡ ಅಂದ. ಬೇಡ ಅಂದವನು ದೋಣಿ ಹತ್ತಿಲ್ಲ. ಹತ್ತಿದವರು ನಾವಿಷ್ಟು ಜನ."

ಎರ್ವಿನ್ ಮರಿವೆಲ್ ಹತ್ತಿರ ಹೋದ. "ಹೆದರಿಕೆ ಆಗ್ತಿದೆ, ಸುಳ್ಳು ಹೇಳಲ್ಲ," ಎಂದ. "ಅದಕ್ಕಿಂತ ನೀನು ಹೇಳದೇ ಇದ್ದದ್ದಕ್ಕೆ ಕೋಪ. ಇಲೋಯ್ಲೋದಲ್ಲಿ ರಕ್ತಪರೀಕ್ಷೆ ಮಾಡ್ತಾರಂತೆ, ನಿನ್ನಲ್ಲಿ ಅದು ಇದೆಯೋ ಇಲ್ಲವೋ ಅಂತ. ತಿಳ್ಕೋಬೇಕು ಅಂತ ನಿನಗೆ ಅನ್ನಿಸಿದಾಗ ಹೇಳು, ಇಬ್ಬರೂ ಹೋಗೋಣ. ಅನ್ನಿಸದಿದ್ರೆ ಬೇಡ. ನಾನು ಬಂದದ್ದು ನಿನ್ನನ್ನ ಕೇಳೋಕೆ."

ಅವಳು ಅಳುತ್ತಲೇ ಅವನ ತೋಳಿಗೆ ಒಂದು ಗುದ್ದಿದಳು. ನಾನೂ ಆ ಕಡೆ ಈ ಕಡೆ ನೋಡಿ ಕಣ್ಣೊರೆಸಿಕೊಂಡೆ.

ಹೆರ್ಮೊಹೆನೆಸ್ ಹಿರಿಯನ ಕುರ್ಚಿಯನ್ನು ತಾನೇ ಎಳೆದು ಕ್ರಿಸ್ಪುಲೊಗೆ ಕೊಟ್ಟ. ವಾಡಿಕೆಯಂತೆ ಲೋಲಾ ಎಪಿಫಾನಿಯಾ ಏನೂ ಗೊತ್ತಿಲ್ಲದವಳ ಹಾಗೆ ಶುರು ಮಾಡಿದಳು: ದಾರಿಹೋಕರು ನಾವು, ಬಾಯಾರಿದೆ, ಈ ಮನೆಯಲ್ಲಿ ನೀರು ಕೊಡುವ ಹೆಣ್ಣುಮಗಳಿದ್ದಾಳೆ ಎಂದು ಕೇಳಿದೆವು. ಹೆಣ್ಣಿನ ಕಡೆಯ ಹಿರಿಯ ಈಗ ಒಂದು ಷರತ್ತು ಹಾಕಬೇಕು. ಅದನ್ನು ಒಪ್ಪಿದರೇ ಹೆಣ್ಣು. ಎಮ್ಮೆ ಕೇಳುವವರಿದ್ದಾರೆ, ಮನೆ ಕಟ್ಟಿಸಿಕೊಡಿ ಎನ್ನುವವರಿದ್ದಾರೆ.

ಕ್ರಿಸ್ಪುಲೊ ಒಂದು ಬೆರಳನ್ನು ಗದ್ದಕ್ಕೆ ಒತ್ತಿದ. ತಿರುಚಿದ ಕತ್ತು ನಿಧಾನವಾಗಿ ನೆಟ್ಟಗಾಯಿತು.

"ನೀರು… ಇದೆ," ಎಂದ. "ಹುಡುಗಿಯೂ… ಇದಾಳೆ. ಒಂದು ಮಾತು ಕೊಡಿ. ಇವಳಿಗೆ ಗಂಡು ಹುಟ್ಟಿದ್ರೆ… ಅವನಿಗೆ ನನ್ನ ಹಾಗೆ ಆಗಬಹುದು… ಆಗದೇನೂ ಇರಬಹುದು. ಆದರೆ… ಅವನನ್ನ ಹಿಂದಿನ ಕೋಣೆಯಲ್ಲಿ… ಇಡಬಾರದು."

ಗಂಡಿನ ಕಡೆಯವರು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿಯಿಂದ ಉತ್ತರ ಬಂತು.

"ಇಡಲ್ಲ," ಎಂದಳು ಸಾಲ್ವಸ್ಯೊನ್. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. "ಇಡಲ್ಲ ಕಣೋ ಮಗನೇ. ಇನ್ನು ಯಾರನ್ನೂ ಇಡಲ್ಲ."

ಕ್ರಿಸ್ಪುಲೊ ಅವಳ ಕಡೆ ನೋಡಿದ. ಅವನ ತುಟಿ ನಗುವಿಗೂ ಸೆಳೆತಕ್ಕೂ ನಡುವೆ ಒದ್ದಾಡಿತು. "ನನಾಯ್… ನೀನು ಹೆಣ್ಣಿನ ಕಡೆಯವಳು. ಕೇಳಿದ್ದು… ಅವರನ್ನ."

ಮನೆಯೆಲ್ಲ ನಕ್ಕಿತು. ಸಾಲ್ವಸ್ಯೊನ್ ಅಳುತ್ತಳುತ್ತಲೇ ಬಂದು ಮಗನ ತಲೆಯನ್ನು ಎದೆಗೆ ಅವುಚಿಕೊಂಡಳು, ಅಷ್ಟೂ ಜನರ ಎದುರಿಗೆ.

"ನಮ್ಮದೂ ಅದೇ ಮಾತು," ಎಂದಳು ಲೋಲಾ ಎಪಿಫಾನಿಯಾ, ಮೂಗು ಒರೆಸಿಕೊಳ್ಳುತ್ತ. "ಈಗ ಯಾರಾದ್ರೂ ಆ ಮೀನು ಬಿಸಿ ಮಾಡಿ. ಬೆಳಗಿನಿಂದ ಜಗಳ ಆಡಿ ಹೊಟ್ಟೆ ಹಸಿದಿದೆ."